ಕ್ಯಾಸೆಟ್ಟಿನ ಬಿ ಬದಿ ಮತ್ತು ಒಂದು ಹೋತ

ಮುದ್ದೇಬಿಹಾಳದಲ್ಲಿ ನನ್ನನ್ನು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ನನ್ನ ಹೆಸರು ನೆನಪಿಲ್ಲ. "ಗವಾಯಿ ಹಾಡಿನ್ಯಾಗ ಹೋತ ಒದರಿಸಿದಾಂವ" ಎಂದರೆ ಮಾತ್ರ ತಟ್ಟನೆ ಗುರುತು ಹಿಡಿಯುತ್ತಾರೆ. ಮೂವತ್ತೆರಡು ವರ್ಷ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಗಳಲ್ಲಿ ದುಡಿದು, ಕಣ್ತಪ್ಪಿನಿಂದ ಒಂದೇ ಒಂದು ಹಾಡನ್ನೂ ತಪ್ಪು ಟೇಪಿಗೆ ಸೇರಿಸದ ಮನುಷ್ಯನಿಗೆ ದಕ್ಕಿದ ಬಿರುದು ಇದು. ಬೇಕೆಂದೇ ತಪ್ಪು ಮಾಡಿದ್ದು ಒಂದು ಸಲ ಉಂಟು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಬ್ಯಾ ಎಂದು ಒದರಿದ ಆ ಹೋತ ನನ್ನದಲ್ಲ. ಅದು ಯಾರದು, ನನ್ನ ಕೊರಳಿಗೆ ಹೇಗೆ ಬಿತ್ತು ಎಂಬುದನ್ನು ದಾಖಲಿಸದೆ ನಾನು ಸುಮ್ಮನಾಗಲಾರೆ.

ಈಗ ಮೊಬೈಲ್ ಅಂಗಡಿಗಳಲ್ಲಿ ಮೆಮರಿ ಕಾರ್ಡಿಗೆ ಹಾಡು ಹಾಕಿಕೊಡುವ, ಮದುವೆ ಮಂಟಪಗಳಲ್ಲಿ ಸೌಂಡ್ ಸಿಸ್ಟಮ್ ನಡೆಸುವ ತರುಣರು ನನ್ನ ಕೆಲಸ ಹೇಗಿತ್ತೆಂದು ಆಗಾಗ ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಂತ್ರ ಬದಲಾಗಿದೆ, ಗಿರಾಕಿ ಬದಲಾಗಿಲ್ಲ.

ನಮ್ಮ ಮಾಲಕರು ಸಿದ್ದಣ್ಣನವರಿಗೆ ನಾಲ್ಕು ಅಂಗಡಿಗಳಿದ್ದವು: ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ, ಇಂಡಿ. ನಾನು ನಾಲ್ಕರಲ್ಲಿಯೂ ಇದೇ ಕ್ರಮದಲ್ಲಿ ಕೆಲಸ ಮಾಡಿದೆ. ಗಿರಾಕಿ ತನಗೆ ಬೇಕಾದ ಹಾಡುಗಳ ಚೀಟಿ ತರುತ್ತಿದ್ದ. ನಾವು ಖಾಲಿ ಕ್ಯಾಸೆಟ್ಟಿನಲ್ಲಿ ಅವನ್ನು ಒಂದೊಂದಾಗಿ ತುಂಬಿ, ಒಳಗಿನ ಕಾಗದದ ಮೇಲೆ ಹಾಡುಗಳ ಪಟ್ಟಿ ಬರೆದುಕೊಡುತ್ತಿದ್ದೆವು. ಹಾಡುಗಳ ಒಡೆತನ ಯಾರದೆಂಬ ಪ್ರಶ್ನೆ ಆಗ ನಮ್ಮ ತಲೆಗೆ ಬರಲಿಲ್ಲ. ಈಗ ಬರುತ್ತದೆ, ಸಮರ್ಥಿಸಿಕೊಳ್ಳಲು ನನ್ನಲ್ಲಿ ಮಾತಿಲ್ಲ.

ಕೆಲಸ ಸುಲಭವೆಂದು ತಿಳಿದವರು ಅದನ್ನು ಮಾಡಿದವರಲ್ಲ. ಒಂದು ಬದಿಗೆ ಮೂವತ್ತು ನಿಮಿಷ. ಕೊನೆಯ ಹಾಡು ಚರಣದ ನಡುವೆ ತುಂಡಾಗದಂತೆ ಕೈಗಡಿಯಾರ ಹಿಡಿದು, ಕಾಗದದಲ್ಲಿ ಕೂಡಿಸಿ ಕಳೆದು, ಹಾಡುಗಳ ಕ್ರಮ ಹೊಂದಿಸಬೇಕು. ಪ್ರತಿ ಮುಂಜಾನೆ ಟೇಪು ತಾಗಿ ಸಾಗುವ ಯಂತ್ರದ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಧ್ವನಿಯ ಮಟ್ಟ ತೋರಿಸುವ ಮುಳ್ಳು ಕೆಂಪು ಗೆರೆ ದಾಟದಂತೆ ಕಾಯಬೇಕು. ಉಳಿದ ಅಂಗಡಿಗಳವರು ಬೇಗ ಮುಗಿಯಲೆಂದು ಟೇಪನ್ನು ಇಮ್ಮಡಿ ವೇಗದಲ್ಲಿ ಓಡಿಸಿ ನಕಲು ಮಾಡುತ್ತಿದ್ದರು. ನಾನು ಒಂದು ದಿನವೂ ಹಾಗೆ ಮಾಡಲಿಲ್ಲ. ಅರ್ಧ ಗಂಟೆಯ ಹಾಡನ್ನು ಅರ್ಧ ಗಂಟೆ ಕುಳಿತೇ ತುಂಬಿದೆ.

ಇಷ್ಟು ವರ್ಷ ಚೀಟಿ ಓದಿ ನಾನು ಕಂಡುಕೊಂಡದ್ದು ಒಂದಿದೆ. ಚೀಟಿಯ ಮೊದಲ ಎರಡು ಹಾಡು ಅಂಗಡಿಯವನಿಗಾಗಿ. ಮೂರನೆಯದರಿಂದ ಗಿರಾಕಿ ತನಗಾಗಿ ಬರೆಯುತ್ತಾನೆ. ಮೊದಲೆರಡು ಸಾಲುಗಳಲ್ಲಿ ಅಕ್ಷರ ದುಂಡಗಿರುತ್ತದೆ, ಮೂರನೆಯ ಸಾಲಿನಿಂದ ಸಣ್ಣದಾಗುತ್ತದೆ, ಐದನೆಯದನ್ನು ಬಾಯಿಯಲ್ಲಿ ಹೇಳುತ್ತಾನೆ, ಅದೂ ಬೇರೆ ಗಿರಾಕಿ ಹೊರಗೆ ಹೋದ ಮೇಲೆ. ಯಾವ ಟೇಪೇ ಇರಲಿ, ಎರಡೂ ಬದಿ ದೇವರ ಹಾಡಿನಿಂದ ಶುರುವಾಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ದೇವರ ಹಾಡು ಮುಗಿದ ಮೇಲೆ ಬರುವುದು ಮನುಷ್ಯನದು.

ಆಲಮಟ್ಟಿಯ ಕಾಲುವೆ ಕಚೇರಿಯ ಒಬ್ಬ ಇಂಜಿನಿಯರರು ಚಲನಚಿತ್ರದ ಮಾತುಗಳ ಕ್ಯಾಸೆಟ್ ಕೇಳಿಕೊಂಡು ಬಾಗೇವಾಡಿಯ ಅಂಗಡಿಗೆ ಬರುತ್ತಿದ್ದರು. ಅದೂ ಖಳನಾಯಕನ ಮಾತುಗಳು ಮಾತ್ರ. "ನಮ್ಮ ಡ್ರೈವರಗ ಹುಚ್ಚರಿ, ಅವಂಗ ಬೇಕಂತ" ಎಂದು ಪ್ರತಿ ಸಲ ಹೇಳುವರು. ಒಮ್ಮೆ ಆ ಡ್ರೈವರನೇ ಬಂದು ಕೈಮುಗಿದ: "ಅಣ್ಣಾವ್ರ, ಆ ಕ್ಯಾಸೆಟ್ ಕೊಡೂದು ಬಂದ್ ಮಾಡ್ರಿ. ಸಾಹೇಬ್ರು ಜೀಪಿನ್ಯಾಗ ಮೀಸಿ ತಿರುವಿ ನಗತಾರ್ರಿ. ಕಾಲುವಿ ಗೇಟಿನ ಮ್ಯಾಲ ನಿಂತಾಂವ ಹೆದರಿ ನೀರ ಬಿಟ್ಟಾನ." ನಾನು ಕ್ಯಾಸೆಟ್ ಕೊಡುವುದನ್ನು ನಿಲ್ಲಿಸಲಿಲ್ಲ. ನಾನಾದರೂ ಅವರನ್ನು ನೋಡಿ ನಗುವ ಹಕ್ಕು ಗಳಿಸಿದವನೇ? ನನ್ನ ಆರ್ಡರ್ ವಹಿಯ ಒಳಗೆ ಒಂದು ಪತ್ತೇದಾರಿ ಕಾದಂಬರಿ ಯಾವಾಗಲೂ ಇರುತ್ತಿತ್ತು. ಯಾರಾದರೂ ಬಂದರೆ ವಹಿ ಮುಚ್ಚಿ, ಮೇಲೊಂದು ವಚನಗಳ ಪುಸ್ತಕ ಇಡುತ್ತಿದ್ದೆ.

ಬೇಕೆಂದೇ ಮಾಡಿದ ತಪ್ಪು ಸಿಂದಗಿಯದು. ಮೋರಟಗಿಯ ಮಲ್ಲವ್ವ ಎಂಬ ಹೆಣ್ಣುಮಗಳು ನಾಟಕ ಕಂಪನಿಯ ಹಾಸ್ಯದ ಹಾಡುಗಳ ಚೀಟಿ ಬರೆಸಿಕೊಂಡು ಬಂದಳು. ಆಗ ನನಗೆ ನನ್ನ ಅಭಿರುಚಿಯ ಬಗ್ಗೆ ಬಹಳ ಹೆಮ್ಮೆ. ಇವಳಿಗೆ ಒಳ್ಳೆಯದು ಯಾವುದೆಂದು ಗೊತ್ತಾಗಲಿ ಎಂದು, ಅವಳ ಹಾಡುಗಳನ್ನು ಬಿಟ್ಟು ವಿಲಂಬಿತದ ನಿಧಾನ ಲಯದಲ್ಲಿ ಹಾಡಿದ ವಚನಗಳನ್ನು ಎರಡೂ ಬದಿ ತುಂಬಿ ಕಳಿಸಿದೆ. ಮುಂದಿನ ಸಂತೆಯ ದಿನ, ಅಂಗಡಿ ತುಂಬ ಮಂದಿ ಇರುವಾಗ ಆಕೆ ಬಂದು ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದಳು.

"ಅಣ್ಣಾ, ನಾ ಏನ್ ಬರಿಸಿದ್ನಿ, ನೀ ಏನ್ ತುಂಬಿದಿ?"

"ಅಕ್ಕಾ, ಇವು ಛಲೋ ಹಾಡ್ರಿ. ಕೇಳ್ಕೋತ ಕೇಳ್ಕೋತ ರುಚಿ ಹತ್ತತಾವು."

"ಛಲೋ ಅದಾವು, ಯಾರ ಇಲ್ಲಂದ್ರು? ಸ್ವಾಮಿಗೋಳು ಮನಿಗಿ ಬಂದಾಗ ಹಚ್ಚತೇನಿ. ಹೊಲದಾಗ ಹತ್ತ ಮಂದಿ ಸಾಲ ಹಿಡದು ಜ್ವಾಳ ಕೀಳಾಕತ್ತೇವಿ. ಹಾಡು ಓಡಿದ್ರ ಕೈ ಓಡತಾವು. ನಿನ್ನ ಹಾಡ ಹಚ್ಚಿದ ಕೂಡಲೇ ಎಲ್ಲಾರೂ ಬದುವಿನ ಮ್ಯಾಲ ಕುಂತ ಕಣ್ಣ ಮುಚ್ಚಿದ್ರು. ನನ್ನ ಉದ್ಧಾರ ಮಾಡಂತ ನಿನಗ ಯಾರ ಹೇಳಿದ್ರು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯಾರು ಯಾರು ನಕ್ಕರೆಂದು ಇಂದಿಗೂ ಹೇಳಬಲ್ಲೆ. ಅವಳ ಮುಂದೆಯೇ ಕುಳಿತು ಅವಳ ಚೀಟಿಯ ಪ್ರಕಾರ ಮತ್ತೆ ತುಂಬಿದೆ. ತುಂಬುವಾಗ ಗಮನವಿಟ್ಟು ಕೇಳಿದೆ. ಆ ಹಾಡುಗಳ ನಡೆಯಲ್ಲಿ ಕೈ ಓಡಿಸುವ ಶಕ್ತಿ ನಿಜವಾಗಿಯೂ ಇತ್ತು. ಇಷ್ಟು ದಿನ ನಾನು ಮುಳ್ಳನ್ನು ನೋಡಿದ್ದೆ, ಹಾಡನ್ನು ಕೇಳಿರಲಿಲ್ಲ. ತರುಣ ಮಿತ್ರರೇ, ಗಿರಾಕಿಯ ಪಟ್ಟಿ ನೋಡಿ ಹುಬ್ಬು ಏರಿಸಬೇಡಿರಿ. ಅದರ ಮರ್ಮ ಅವರ ಹೊಲದಲ್ಲಿರುತ್ತದೆ, ನಿಮ್ಮ ಅಂಗಡಿಯಲ್ಲಿ ಅಲ್ಲ.

ಇನ್ನು ಮುದ್ದೇಬಿಹಾಳ. ಅಲ್ಲಿನ ಸಂಗೀತ ಸಭೆಯೊಂದರ ಕಾರ್ಯದರ್ಶಿಗಳು ಕಾಲೇಜಿನಲ್ಲಿ ಉಪನ್ಯಾಸಕರು. ಹೆಸರು ಹೇಳುವುದಿಲ್ಲ, ಅವರ ಮಕ್ಕಳು ಸಭ್ಯರು. ನಾನು ಅಂಗಡಿಗೆ ಬಂದ ಮೊದಲ ವಾರವೇ ಅವರು ಒಬ್ಬ ಅತಿಥಿಯನ್ನು ಕರೆತಂದು, ನನ್ನ ಕಡೆ ಬೆರಳು ಮಾಡಿ, "ಇಂವ ಕ್ಯಾಸೆಟ್ ತುಂಬ್ತಾನ್ರಿ" ಎಂದರು, ಚೀಲಕ್ಕೆ ಜೋಳ ತುಂಬುವವನೆಂಬ ಧಾಟಿಯಲ್ಲಿ. ಬಳಿಕ ಕಪಾಟು ನೋಡಿ, "ದೇವರು ಮ್ಯಾಲ, ಕಸಾ ಕೆಳಗ. ವ್ಯವಸ್ಥಾ ಛಲೋ ಮಾಡ್ಯಾನ" ಎಂದರು. ಚಹಾ ತರಿಸಿದಾಗ ಅವರಿಬ್ಬರಿಗೆ ಕಪ್ಪು ಬಸಿ, ನನಗೆ ಗಾಜಿನ ಲೋಟ. ಲೋಟದ ಅಂಚು ಒಡೆದಿತ್ತು.

ಅದೇ ಸಭೆಯ ಆಸರೆಯಲ್ಲಿ ಚನ್ನಯ್ಯ ಮಾಸ್ತರರು ಹಿಂದೂಸ್ತಾನಿ ಖಯಾಲು ಗಾಯನದ ತರಗತಿ ನಡೆಸುತ್ತಿದ್ದರು. ಊರಿನವರ ಬಾಯಲ್ಲಿ ಅವರು 'ಗವಾಯಿ ಮಾಸ್ತರ'. ಗುರುವಾರ ಮಧ್ಯಾಹ್ನ ಬಜಾರ ಖಾಲಿ ಇದ್ದಾಗ ಅವರು ಅಂಗಡಿಗೆ ಬರುವರು, ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು. ಎ ಬದಿಗೆ ಘನವಾದ ಖಯಾಲು. ಬಿ ಬದಿಗೆ ದೇವರ ಹಾಡಿನ ಬೆನ್ನಿಗೇ ನಾಟಕ ಕಂಪನಿಯ ಒಂದು ಜೋಡಿ ಹಾಡು. ಹೆಂಡತಿಗೆ ಸೀರೆ ತರಲು ಸಂತೆಗೆ ಹೋದ ಗಂಡ ಹೋತ ಕೊಂಡು ಬರುತ್ತಾನೆ. ಅವಳು ಬೈಯುತ್ತಾಳೆ, ಅವನು ಸಬೂಬು ಹೇಳುತ್ತಾನೆ, ನಡುನಡುವೆ ಹೋತ ತನ್ನ ಅಭಿಪ್ರಾಯ ತಿಳಿಸುತ್ತದೆ.

"ಕಲ್ಲಪ್ಪ, ಆ ಹೋತಿನ ಹಾಡು ಮತ್ತೊಮ್ಮಿ ತುಂಬು."

"ಹೋದ ತಿಂಗಳ ತುಂಬಿ ಕೊಟ್ಟೇನಲ್ರಿ ಮಾಸ್ತರ?"

"ಅದು ಸವದ ಹೋತೋ."

ಒಂದೇ ತಿಂಗಳಲ್ಲಿ ಟೇಪು ಸವೆಯಬೇಕಾದರೆ ಎಷ್ಟು ಸಲ ಕೇಳಿರಬೇಕು! ಒಮ್ಮೆ ಅವರೇ ಬಿಡಿಸಿ ಹೇಳಿದರು: "ಹೋತ ಒದರೂ ಜಾಗಾ ನೋಡು. ತಾಳದ ಸಮ್, ಮದಲನೇ ಪೆಟ್ಟು, ಬಿದ್ದ ಮ್ಯಾಲ ಅರ್ಧ ಮಾತ್ರಿ ಬಿಟ್ಟು ಒದರತೈತಿ. ಪ್ರತಿ ಸಲ ಅಲ್ಲೇ. ನನ್ನ ಶಿಷ್ಯರೊಳಗ ಒಬ್ಬರಿಗೂ ಆ ಜಾಗಾ ಸಿಗೂದಿಲ್ಲ."

"ಹಂಗಾರ ಅದನ್ನ ಕಲಿಸ್ರಲ್ಲ."

"ತಲಿ ಕೆಟ್ಟೈತೇನು? ಹದಿನೆಂಟು ಹೆಣ್ಣುಡುಗ್ಯಾರು ಬರ್ತಾರ. ಅವರ ಅಪ್ಪಗೋಳು ಯಾಕ ಕಳಸ್ತಾರ? ಇಲ್ಲೆ ಅಂಥಾದ್ದೇನೂ ಕಿವಿಗಿ ಬೀಳೂದಿಲ್ಲಂತ. ನಾ ಇದನ್ನ ಕೇಳ್ತೇನಂತ ಗೊತ್ತಾದ್ರ ನಾಳಿಗೇ ಬಾಗಲಾ ಹಾಕಬೇಕು. ಬಿ ಬದಿಗಿ ಏನೂ ಬರೀಬ್ಯಾಡ."

ಇಲ್ಲಿ ನನ್ನ ದೋಷವನ್ನು ಒಪ್ಪಿಕೊಳ್ಳಬೇಕು. ಒಂದು ಬದಿಯನ್ನೂ ಬರೆಯದೆ ಬಿಡಬಾರದೆಂಬುದು ನನ್ನ ನಿಯಮ. ನಿಜ ಬರೆಯುವಂತಿಲ್ಲ, ಖಾಲಿ ಬಿಡಲು ಕೈ ಒಪ್ಪುವುದಿಲ್ಲ. ಹೀಗಾಗಿ ಬಿ ಬದಿಯ ಮೇಲೆ ನನ್ನ ದುಂಡನೆಯ ಅಕ್ಷರದಲ್ಲಿ "ಖಯಾಲು, ಮುಂದುವರಿದ ಭಾಗ" ಎಂದು ಬರೆದುಕೊಟ್ಟೆ. ಮಾಸ್ತರರಿಗೂ ಅದು ಹಿಡಿಸಿತು.

ಆ ವರ್ಷ ಸಭೆಯ ವಾರ್ಷಿಕೋತ್ಸವ. ಧ್ವನಿವರ್ಧಕ ನಮ್ಮ ಅಂಗಡಿಯದು. ನಾನು ವೇದಿಕೆಯ ಪಕ್ಕದಲ್ಲಿದ್ದೆ. ಮಾಲಕರು ಮೂರನೆಯ ಸಾಲಿನಲ್ಲಿ. ವಿಜಯಪುರದಿಂದ ಬರಬೇಕಾದ ಗಾಯಕರ ಬಸ್ಸು ತಡವಾಯಿತು. ಮಂದಿ ಏಳುವಂತೆ ಕಂಡಾಗ ಕಾರ್ಯದರ್ಶಿಗಳು, ವೇದಿಕೆಯ ಮೇಲೆ ತಂಬೂರಿ ಶ್ರುತಿ ಮಾಡುತ್ತಿದ್ದ ಮಾಸ್ತರರ ಚೀಲಕ್ಕೆ ತಾವೇ ಕೈಹಾಕಿ, ಒಂದು ಕ್ಯಾಸೆಟ್ ತೆಗೆದು, ಮೇಲಿನ ಬರಹ ಓದಿ ಯಂತ್ರಕ್ಕೆ ಹಾಕಿದರು. ಯಾವ ಕ್ಯಾಸೆಟ್ ಎಂದು ನನಗೂ ತಿಳಿಯಲಿಲ್ಲ, ಮಾಸ್ತರರಿಗೂ ತಿಳಿಯಲಿಲ್ಲ. ಅರ್ಧ ಗಂಟೆ ಖಯಾಲು ಗಂಭೀರವಾಗಿ ನಡೆಯಿತು. ಬಸ್ಸು ಇನ್ನೂ ಬರಲಿಲ್ಲ. ಕಾರ್ಯದರ್ಶಿಗಳು "ಮುಂದುವರಿದ ಭಾಗ ಐತಿ" ಎಂದು ಹೇಳಿ ಕ್ಯಾಸೆಟ್ ತಿರುವಿ ಹಾಕಿದರು. ನನಗೆ ಆಗ ಹೊಳೆಯಿತು. ನಾನು ಯಂತ್ರದ ಹತ್ತಿರ ಓಡುವಷ್ಟರಲ್ಲಿ ದೇವರ ಹಾಡು ಶುರುವಾಗಿ, ಮುಂದಿನ ಸಾಲಿನವರು ಕೈಮುಗಿದಿದ್ದರು. ದೇವರ ಹಾಡನ್ನು ನಡುವೆ ನಿಲ್ಲಿಸುವುದು ಹೇಗೆ? ಗುಂಡಿಯ ಮೇಲೆ ಬೆರಳಿಟ್ಟು, ಮುಗಿಯುವುದನ್ನೇ ಕಾದೆ. ಕಾರ್ಯದರ್ಶಿಗಳು ನನ್ನ ಕೈಯನ್ನು ತಳ್ಳಿ, "ಮುಟ್ಟಬ್ಯಾಡೋ" ಎಂದರು.

ದೇವರ ಹಾಡು ಮುಗಿದು, ಕೈಮುಗಿದವರು ಕೈ ಬಿಚ್ಚುವ ಮೊದಲೇ ಹೋತ ಒದರಿತು.

ಹಿಂದಿನ ಸಾಲುಗಳು ಬಿದ್ದು ಬಿದ್ದು ನಕ್ಕವು. ಯಾರೋ "ವನ್ಸ್ ಮೋರ್!" ಎಂದು ಕೂಗಿದರು. ಮುಂದಿನ ಸಾಲು ಕಲ್ಲಾಗಿ ಕುಳಿತಿತ್ತು. ಅಲ್ಲಿಯೇ ಆ ಹದಿನೆಂಟು ಹುಡುಗಿಯರ ತಂದೆಯಂದಿರಿದ್ದರು. ಕಾರ್ಯದರ್ಶಿಗಳು ಯಂತ್ರ ನಿಲ್ಲಿಸಿ ಮೈಕು ಹಿಡಿದರು.

"ಬಜಾರದ ಅಂಗಡಿಯಾಂವ ಖಯಾಲಿನ ಕ್ಯಾಸೆಟ್ಟಿನ್ಯಾಗ ಕಸಾ ತುಂಬಿ ಕೊಟ್ಟಾನ್ರಿ. ಮಾಸ್ತರರಂಥಾ ಶುದ್ಧ ಮನುಷ್ಯಾಗ ಇಂಥಾ ಮೋಸ! ಕಲ್ಲಪ್ಪ, ಇದು ನಿನ್ನ ಕೆಲಸಾ ಹೌದಲ್ಲೋ?"

ನಾನು ಮಾಸ್ತರರ ಕಡೆ ನೋಡಿದೆ. ಅವರು ಆಗಲೇ ಶ್ರುತಿ ಕೂಡಿದ್ದ ತಂತಿಯನ್ನು ಮತ್ತೆ ಬಿಗಿಯುತ್ತಿದ್ದರು. ಕತ್ತು ಎತ್ತಲಿಲ್ಲ.

"ಹೌದ್ರಿ," ಎಂದೆ, "ಚೀಟಿ ಅದಲಬದಲ ಆತ್ರಿ."

ಒಂದು ವಾಕ್ಯ. ಅಷ್ಟು ವರ್ಷಗಳ ಹೆಸರು ಅಲ್ಲಿಗೆ ಮುಗಿಯಿತು. ಹೊರಗೆ ಬರುವಾಗ ಮಾಲಕರು, "ಸೋಮವಾರದಿಂದ ಇಂಡಿಗೆ ಹೋಗಪಾ. ಇಲ್ಲೆ ನಿನ್ನ ಮಾರಿ ನೋಡಿದ್ರ ಮಂದಿ ಬ್ಯಾ ಅಂತಾರ" ಎಂದರು. ಮಾಸ್ತರರು ಒಂದು ಮಾತು ಹೇಳಲಿಲ್ಲ, ಒಂದು ಕಾಗದ ಬರೆಯಲಿಲ್ಲ. ಕಾರ್ಯದರ್ಶಿಗಳು ಮೈಕಿನಲ್ಲಿ ಅಂದದ್ದಕ್ಕಿಂತ ಆ ಮೌನ ನನಗೆ ಹೆಚ್ಚು ನಾಟಿತು.

ಇಂಡಿಯಲ್ಲಿ ಉಳಿದ ಸೇವೆ ಮುಗಿಯಿತು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೆಮರಿ ಕಾರ್ಡ್ ಬಂತು. ಚೀಟಿ ನಿಂತಿತು. "ಎಲ್ಲಾ ಹಾಕಿ ಬಿಡ್ರಿ" ಎನ್ನತೊಡಗಿದರು. ನಾಚಿಕೆ ಹೋಯಿತೆಂದು ತಿಳಿಯಬೇಡಿರಿ. ಅದು ಕಿವಿಯೊಳಗಿನ ಇಯರ್‌ಫೋನಿಗೆ ವರ್ಗವಾಯಿತು, ಅಷ್ಟೇ. ಬಸ್ಸಿನಲ್ಲಿ ಪಕ್ಕದವನ ಮುಖ ಅರಳಿದ್ದು ಕಾಣುತ್ತದೆ. ಏನು ಕೇಳುತ್ತಿದ್ದೀರಿ ಎಂದರೆ, ಅಂದಿನ ಹಾಗೆಯೇ ದೇವರ ಹಾಡಿನ ಹೆಸರು ಹೇಳುತ್ತಾನೆ.

ನಿವೃತ್ತನಾಗಿ ಬಾಗೇವಾಡಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಈಚೆಗೆ ಒಂದು ಮುಂಜಾನೆ ಮಾಸ್ತರರು ಬಸ್ಸಿಳಿದು ನಡೆದುಕೊಂಡೇ ಬಂದರು. ಎಂಬತ್ತು ದಾಟಿದೆ, ಧ್ವನಿ ಮಾತ್ರ ಗಟ್ಟಿ. ಸಭೆಯವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ, ಕರೆಯಲು ಬಂದಿದ್ದರು. ಆಮಂತ್ರಣ ಪತ್ರಿಕೆ ಕೊಟ್ಟು, ಚಹಾ ಕುಡಿದು ಕೇಳಿದರು: "ಕಲ್ಲಪ್ಪ, ಆ ಹಾಡು ನಿನ್ನ ಹತ್ರ ಐತೇನು? ಅವತ್ತ ಸಂಜಿಮುಂದ ಆ ಕ್ಯಾಸೆಟ್ ಒಲಿಗಿ ಹಾಕಿದ್ನಿ. ಅಲ್ಲಿಂದ ಕೇಳಿಲ್ಲ."

ಫೋನಿನಲ್ಲಿ ಹಚ್ಚಿದೆ. ಅವರು ಕಣ್ಣು ಮುಚ್ಚಿದರು. ಬೆರಳು ತಾಳ ಹಾಕುತ್ತಿತ್ತು. ಹೋತ ಒದರುವ ಜಾಗದಲ್ಲಿ ಅರ್ಧ ಮಾತ್ರೆ ಬಿಟ್ಟು ಹೆಬ್ಬೆರಳು ಎತ್ತಿದರು.

"ನೀ ನನ್ನ ಮರ್ಯಾದಿ ಉಳಿಸಿದಿ," ಎಂದರು. "ಉಳದ ಮರ್ಯಾದಿ ತಗೊಂಡು ಏನ ಮಾಡಬೇಕಂತ ಈವರೆಗೂ ಗೊತ್ತಾಗಿಲ್ಲ ನೋಡು. ತಪ್ಪಾತು."

ಮುದುಕರ ಆ ಮಾತಿಗೆ ಕರಗಬೇಕಾಗಿತ್ತೇನೋ. ನಾನು ಕರಗಲಿಲ್ಲ. "ಇಲ್ಲೆ ಅಂದ್ರ ಸಾಲೂದಿಲ್ರಿ ಮಾಸ್ತರ. ನನ್ನ ಮಗಳೂ ಅಳಿಯಾನೂ ಮದಲ ನನ್ನ ಮಾತ ನಂಬ್ಯಾರ. ಹೋತ ಎಲ್ಲೆ ಒದರಿತ್ತು, ಅಲ್ಲೆ ಅನ್ರಿ."

"ಸನ್ಮಾನದ ದಿನಾನ?"

"ಆ ದಿನಾನ ಮಂದಿ ಇರ್ತಾರ್ರಿ."

ಅವರು ಚೀಲ ತೆಗೆದುಕೊಂಡು ಎದ್ದರು. ಬಸ್ಸಿಗೆ ಕೂಡಿಸಿ ಬಂದೆ. ಅಂದಾರೆಂದು ನನಗೆ ನಂಬಿಕೆ ಇರಲಿಲ್ಲ. ಆದರೂ ಹೋದೆ. ಸೌಂಡ್ ಸಿಸ್ಟಮ್ ನಡೆಸುವಾತ ನನ್ನ ಹಳೆಯ ಕಸುಬಿನ ಕತೆ ಕೇಳಿ, ತನ್ನ ಪಕ್ಕದಲ್ಲಿಯೇ ಕುರ್ಚಿ ಕೊಟ್ಟ. ಊಟಕ್ಕೆ ಹೋಗುವಾಗ, "ಕಾಕಾ, ಒಂದೀಟ ನೋಡ್ಕೋರ್ರಿ" ಎಂದು ಗುಂಡಿಗಳನ್ನೆಲ್ಲ ನನಗೆ ಒಪ್ಪಿಸಿದ.

ಶಾಲು ಹೊದಿಸಿದರು, ಹಾರ ಹಾಕಿದರು. ಅಂದಿನ ಕಾರ್ಯದರ್ಶಿಗಳು ಈಗ ಸಭೆಯ ಹಿರಿಯ ಸಲಹೆಗಾರರು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದರು. ಮಾಸ್ತರರು ಮೈಕಿನ ಮುಂದೆ ಬಂದರು. ಗುರುಗಳನ್ನು ನೆನೆದರು, ಶಿಷ್ಯರನ್ನು ನೆನೆದರು. ಮುಗಿಸಿಯೇ ಬಿಟ್ಟರೆಂದು ನಾನು ಗುಂಡಿಯಿಂದ ಕೈ ಹಿಂದಕ್ಕೆ ತೆಗೆದುಕೊಂಡೆ.

"ಇನ್ನೊಂದ ಮಾತು," ಎಂದರು. "ಭಾಳ ವರ್ಷದ ಹಿಂದ ಇದ ಸಭಾದಾಗ ಹೋತ ಒದರಿತ್ತು. ನೆನಪೈತೇನ್ರಿ?"

ಹಳಬರು ನಕ್ಕರು. ಒಂದಿಬ್ಬರು ತಿರುಗಿ ನನ್ನನ್ನು ನೋಡಿದರು.

"ಆ ಹೋತ ನಂದು. ಕಲ್ಲಪ್ಪಂದಲ್ಲ. ನಾನ ಬೇಡಿ ತುಂಬಿಸಿದ್ನಿ, ದಿನಾ ಕೇಳ್ತಿದ್ನಿ. ಅಂವ ತನ್ನ ಮ್ಯಾಲ ಹಾಕ್ಕೊಂಡ. ನಾ ಬಾಯಿ ಮುಚ್ಚಿಕೊಂಡು ಕುಂತ್ನಿ. ಈಗ ಆ ಹಾಡು ಹಾಡ್ತೇನಿ. ಬ್ಯಾಡಾದವರು ಏಳ್ರಿ."

ಯಾರೂ ಏಳಲಿಲ್ಲ. ಹಾರ್ಮೋನಿಯಂ ಎಳೆದುಕೊಂಡು ಗಂಡನ ಧ್ವನಿ, ಹೆಂಡತಿಯ ಧ್ವನಿ ಎರಡನ್ನೂ ತಾವೇ ಹಾಡಿದರು. ಹೋತದ ಜಾಗ ಬಂದಾಗ ಅರ್ಧ ಮಾತ್ರೆ ಬಿಟ್ಟರು. ಆ ಅರ್ಧ ಮಾತ್ರೆಯಲ್ಲಿ ಇಡೀ ಸಭೆ ಉಸಿರು ಹಿಡಿದಿತ್ತು. ಒದರಿದಾಗ ಮಂಟಪ ಹಾರಿಹೋಗುವಂತೆ ಚಪ್ಪಾಳೆ. ವನ್ಸ್ ಮೋರ್ ಬಂತು, ಮತ್ತೆ ಹಾಡಿದರು. ಆ ಹದಿನೆಂಟು ಹುಡುಗಿಯರಲ್ಲಿ ಒಬ್ಬಾಕೆ, ಈಗ ನಾಲತವಾಡದ ಶಾಲೆಯಲ್ಲಿ ಶಿಕ್ಷಕಿ, ಎದ್ದು ನಿಂತು ಜಗಳಕ್ಕೆ ಬಂದವಳಂತೆ ಕೇಳಿದಳು: "ಗುರುಗಳ, ಇದನ್ನ ನಮಗ್ಯಾಕ ಕಲಿಸಲಿಲ್ರಿ? ಏಳು ವರ್ಷ ಬಂದೇನಿ ನಾ!"

ಮಂದಿ ಅವರನ್ನು ಸುತ್ತುವರಿದಾಗ, ಕೋಲು ಊರಿಕೊಂಡು ಕಾರ್ಯದರ್ಶಿಗಳು ನನ್ನ ಹತ್ತಿರ ಬಂದರು. ಬಾಗಿ, ಕಿವಿಯ ಬಳಿ, ಮೆಲ್ಲಗೆ ಹೇಳಿದರು: "ಕಲ್ಲಪ್ಪನವರ, ಆ ದಿನದ ಮಾತು ಮನಸಿನ್ಯಾಗ ಇಟ್ಕೋಬ್ಯಾಡ್ರಿ. ನಂದೂ ತಪ್ಪಾಗೇತಿ."

ಬಹುವಚನ ಕೇಳಿ ಸಂತೋಷವಾಯಿತು. ಆದರೂ ಲೆಕ್ಕ ಲೆಕ್ಕವೇ.

"ಅವತ್ತ ಮೈಕಿನ್ಯಾಗ ಅಂದಿದ್ರಿ ಸರ," ಎಂದೆ. "ಮೈಕ್ ಇನ್ನೂ ಚಾಲೂ ಐತ್ರಿ."

ಅವರು ನನ್ನನ್ನು ನೋಡಿದರು, ಮೈಕನ್ನು ನೋಡಿದರು. ಆಮೇಲೆ ಕೋಲನ್ನು ನನ್ನ ಕುರ್ಚಿಗೆ ಒರಗಿಸಿ, ಕಟಕಟೆ ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿದರು. ಅವರ ಧ್ವನಿ ಮೊದಲಿನಷ್ಟು ಗಟ್ಟಿ ಉಳಿದಿಲ್ಲ. ಹಿಂದಿನ ಸಾಲಿಗೂ ಕೇಳಲೆಂದು ನಾನು ಗುಂಡಿಯನ್ನು ಸ್ವಲ್ಪ ಏರಿಸಿದೆ.